ನಿಮ್ಮದೇ ಕಥೆ, ಆದರೆ ನಾಳೆಯೂ ಹೇಳಬೇಕು

ಏಕವ್ಯಕ್ತಿ ನಾಟಕ ಮಾಡಬೇಕು ಅಂತ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಈಚೆಗೆ ಹೇಳುವುದು ಒಂದೇ ಮಾತು: "ಸಾರ್, ನನ್ನದೇ ಕಥೆ ಮಾಡ್ತೀನಿ." ಮಾಡಿ, ಸಂತೋಷ. ಆದರೆ ಮೊದಲ ತಾಲೀಮಿನಲ್ಲಿ ನಿಜವಾಗಿ ಅತ್ತವರು, ವಾರ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಅಳುವುದನ್ನು ನಟಿಸುತ್ತಿರುತ್ತಾರೆ. ಇಲ್ಲವೇ ಪ್ರತಿ ಸಲವೂ ನಿಜವಾಗಿಯೇ ಕುಸಿಯುತ್ತಾರೆ. ಎರಡೂ ಕೆಲಸಕ್ಕೆ ಬರಲ್ಲ. ನಾಟಕ ಅಂದರೆ ನಾಳೆಯೂ ಇದೆ, ನಾಡಿದ್ದು ಬೇರೆ ಊರಲ್ಲೂ ಇದೆ. ನೋವನ್ನು ದಿನಾ ಹೇಳಬೇಕು, ಹೇಳಿದವರು ಮನೆಗೆ ಹೋಗಿ ಊಟ ಮಾಡುವಷ್ಟು ನೆಟ್ಟಗಿರಬೇಕು.

ಇದನ್ನು ಹೇಗೆ ಮಾಡುವುದು ಅಂತ ಕಲಿಸಲು ನಾನು ಹಿಡಿದುಕೊಳ್ಳುವುದು ಆಸ್ಟ್ರೇಲಿಯಾದ ಅಬೊರಿಜಿನಲ್, ಅಂದರೆ ಮೂಲನಿವಾಸಿ, ಕಲಾವಿದರ ಏಕವ್ಯಕ್ತಿ ನಾಟಕಗಳನ್ನು.

ಸ್ವಲ್ಪ ಹಿನ್ನೆಲೆ ಬೇಕು. ಅಲ್ಲಿ ಸರ್ಕಾರ ಮತ್ತು ಮಿಷನ್‌ಗಳು ದಶಕಗಟ್ಟಲೆ ಮೂಲನಿವಾಸಿ ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತು ಅನಾಥಾಲಯಗಳಿಗೆ, ಬಿಳಿಯರ ಮನೆಗಳಿಗೆ ಸೇರಿಸಿದವು. ಇದರ ಬಗ್ಗೆ ರಾಷ್ಟ್ರೀಯ ವಿಚಾರಣೆ ನಡೆದು 1997ರ ಮೇ ತಿಂಗಳಲ್ಲಿ ವರದಿ ಸಂಸತ್ತಿಗೆ ಬಂತು. 535 ಮೂಲನಿವಾಸಿಗಳು ತಮ್ಮ ಕಥೆ ಹೇಳಿದ್ದರು. ಅದೇ ವರ್ಷ, 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮುನ್ನುಡಿಯಾಗಿ, ಸಿಡ್ನಿಯಲ್ಲಿ ರೋಡಾ ರಾಬರ್ಟ್ಸ್ ನಿರ್ದೇಶನದಲ್ಲಿ 'ಫೆಸ್ಟಿವಲ್ ಆಫ್ ದ ಡ್ರೀಮಿಂಗ್' ನಡೆಯಿತು. ಒಬ್ಬೊಬ್ಬರೇ ಹೆಣ್ಣುಮಕ್ಕಳು ವೇದಿಕೆಗೆ ಬಂದು ನಡೆಸಿದ ನಾಟಕಗಳ ಸಾಲೇ ಅಲ್ಲಿತ್ತು. ವಿಚಾರಣೆಯ ಮುಂದೆ ಸಾಕ್ಷಿ ಹೇಳುವವರು ಒಂದು ಸಲ ಹೇಳಿದರೆ ಮುಗಿಯಿತು. ಈ ಹೆಣ್ಣುಮಕ್ಕಳಿಗೆ ಆ ಸವಲತ್ತು ಇರಲಿಲ್ಲ.

ಆ ಉತ್ಸವದ 'ಬಾಕ್ಸ್ ದ ಪೋನಿ'ಯನ್ನೇ ನೋಡಿ. ಅದನ್ನು ಆಡಿದ ಲಿಯಾ ಪರ್ಸೆಲ್ ಅವರ ಬಾಲ್ಯ ಕ್ವೀನ್ಸ್‌ಲ್ಯಾಂಡ್‌ನ ಮರ್ಗನ್ ಅನ್ನುವ ಸಣ್ಣ ಊರಿನದು. ಕುಡಿತ, ಹೊಡೆತ, ಚಿಕ್ಕ ವಯಸ್ಸಿನ ತಾಯ್ತನ, ಎಲ್ಲವೂ ನಾಟಕದಲ್ಲಿದೆ. ಆದರೆ ಇದೆಲ್ಲ ಆಗುವುದು ಸ್ಟೆಫ್ ಅನ್ನುವ ಹುಡುಗಿಗೆ. ಲಿಯಾ ಲಿಯಾ ಆಗಿಯೇ ಬಂದು ಜನರನ್ನು ನಗಿಸುತ್ತಾರೆ, ಕಾಲೆಳೆಯುತ್ತಾರೆ, ಮರುಕ್ಷಣ ಸ್ಟೆಫ್ ಆಗುತ್ತಾರೆ. ಸ್ಟೆಫ್ ಯಾರು ಅಂತ ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತು, ಅಲ್ವಾ? ಆದರೂ ಆ ಇನ್ನೊಂದು ಹೆಸರು ಕೆಲಸ ಮಾಡುತ್ತದೆ. ಹೊಡೆತ ಬೀಳುವಾಗ ಬೀಳುವುದು ಸ್ಟೆಫ್‌ಗೆ, ಕಥೆಯನ್ನು ಯಾವಾಗ ನಿಲ್ಲಿಸಬೇಕು ಅನ್ನುವ ಅಧಿಕಾರ ಲಿಯಾ ಕೈಯಲ್ಲಿ. ನನ್ನ ವಿದ್ಯಾರ್ಥಿಗಳಿಗೆ ನಾನು ಮಾಡಿಸುವ ಮೊದಲ ಅಭ್ಯಾಸವೂ ಇದೇ: ಎಲ್ಲಿ "ನಾನು" ಅಂತ ಇದೆಯೋ ಅಲ್ಲೆಲ್ಲ ಬೇರೆ ಹೆಸರು ಹಾಕಿ ಹೇಳಿ. ಧ್ವನಿ ತಕ್ಷಣ ಬದಲಾಗುತ್ತದೆ. ಆಮೇಲೆ ಬೇಕಾದರೆ "ನಾನು" ವಾಪಸ್ ಬರಲಿ.

ಎರಡನೆಯದು ಕೈಗೆ ಕೆಲಸ. ನಟ ಜ್ಯಾಕ್ ಚಾರ್ಲ್ಸ್ ಅವರನ್ನು ಹಸುಗೂಸಾಗಿದ್ದಾಗಲೇ ತಾಯಿಯಿಂದ ಬೇರೆ ಮಾಡಿ, ಮೆಲ್ಬರ್ನ್‌ನ ಬಾಕ್ಸ್ ಹಿಲ್ ಬಾಲಕರ ಗೃಹದಲ್ಲಿ ಬೆಳೆಸಿದರು. 1970ರ ದಶಕದ ಶುರುವಿನಲ್ಲಿ ಬಾಬ್ ಮಾಝಾ ಜೊತೆ 'ನಿಂದೆತಾನಾ' ಅನ್ನುವ ಅಬೊರಿಜಿನಲ್ ರಂಗತಂಡ ಕಟ್ಟಿದವರೂ ಇವರೇ, ಹೆರಾಯಿನ್‌ಗೆ ಬಿದ್ದು, ಮನೆಗಳ್ಳತನ ಮಾಡಿ, ಮತ್ತೆ ಮತ್ತೆ ಜೈಲಿಗೆ ಹೋದವರೂ ಇವರೇ. 2010ರಲ್ಲಿ ಇಲ್ಬಿಜೆರಿ ಅನ್ನುವ ಅಬೊರಿಜಿನಲ್ ರಂಗತಂಡ ಅವರದೇ ಕಥೆಯ 'ಜ್ಯಾಕ್ ಚಾರ್ಲ್ಸ್ ವರ್ಸಸ್ ದ ಕ್ರೌನ್' ಮಾಡಿತು. ನಿರ್ದೇಶನ ರೇಚಲ್ ಮಾಝಾ, ಬಾಬ್ ಅವರ ಮಗಳು. ನಾಟಕ ಶುರುವಾಗುವಾಗ ಜ್ಯಾಕ್ ಕುಂಬಾರನ ತಿಗರಿ ಮುಂದೆ ಕೂತು ಮಣ್ಣು ತಿರುಗಿಸುತ್ತಿರುತ್ತಾರೆ. ಹಿಂದಿನ ಪರದೆಯಲ್ಲಿ, ಅವರ ಬಗ್ಗೆ ತೆಗೆದ ಸಾಕ್ಷ್ಯಚಿತ್ರದ ತುಣುಕು: ಅದೇ ಜ್ಯಾಕ್ ತೋಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅವಮಾನದ ಭಾಗವನ್ನು ಅವರು ಬಾಯಲ್ಲಿ ಹೇಳುತ್ತಿಲ್ಲ, ಪರದೆ ಹೇಳುತ್ತಿದೆ. ನಟ ಅದಕ್ಕೆ ಬೆನ್ನು ಹಾಕಿ, ಜೈಲಿನಲ್ಲಿ ಕಲಿತ ಕಸುಬನ್ನು ಮಾಡುತ್ತಿದ್ದಾರೆ. ತಿಗರಿ ಮೇಲಿನ ಮಣ್ಣು ಸುಮ್ನೆ ಅಲಂಕಾರದ ಪ್ರಾಪರ್ಟಿ ಅಲ್ಲ, ಕೈ ಸ್ವಲ್ಪ ನಡುಗಿದರೂ ಸೊಟ್ಟಗಾಗುತ್ತದೆ. ಹಾಗಾಗಿ ನಟನ ಗಮನ ಒಳಗಿನ ನೋವಿಗೆ ಹೋಗುವ ಹಾಗೇ ಇಲ್ಲ. ಅಳು ಬರಿಸುವ ದೃಶ್ಯಕ್ಕೆ ಸಂಗೀತ ಜಾಸ್ತಿ ಮಾಡುವ ನಮ್ಮ ಕೆಲವು ನಿರ್ದೇಶಕರು ಇದನ್ನು ಒಂದು ಸಲ ಯೋಚಿಸಬೇಕು.

ಮತ್ತೆ ನಗು. ಮೆಲ್ಬರ್ನ್‌ನ ಶ್ರೀಮಂತರ ಬಡಾವಣೆಗಳಲ್ಲಿ ಕನ್ನ ಹಾಕಿದ್ದನ್ನು ಜ್ಯಾಕ್ ಬಾಡಿಗೆ ವಸೂಲಿ ಅನ್ನುತ್ತಿದ್ದರು, ಜಾಗ ಅವರ ಪೂರ್ವಿಕರದ್ದಲ್ಲವೇ! ಜನ ನಗುತ್ತಾರೆ, ನಕ್ಕ ಮೇಲೆ ಯಾವುದಕ್ಕೆ ನಕ್ಕೆವು ಅಂತ ಹೊಳೆಯುತ್ತದೆ. ಡೆಬೊರಾ ಚೀತಮ್ ಅವರದ್ದು ಇನ್ನೊಂದು ಬಗೆ. ಕೂಸಾಗಿದ್ದಾಗಲೇ ತಾಯಿಯಿಂದ ಬೇರೆಯಾಗಿ ಬಿಳಿಯ ಬ್ಯಾಪ್ಟಿಸ್ಟ್ ಮನೆಯಲ್ಲಿ ಬೆಳೆದ ಈ ಒಪೆರಾ ಗಾಯಕಿ 1997ರ ತಮ್ಮ ನಾಟಕಕ್ಕೆ ಇಟ್ಟ ಹೆಸರು 'ವೈಟ್ ಬ್ಯಾಪ್ಟಿಸ್ಟ್ ಅಬ್ಬಾ ಫ್ಯಾನ್' (ABBA ಅನ್ನುವುದು ಸ್ವೀಡನ್‌ನ ಪಾಪ್ ತಂಡ). ಮಾತು ನಿಂತ ಕಡೆ ಅವರಿಗೆ ಹಾಡು ಇದೆ.

ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕಿಂಬರ್ಲಿಯ ನಿಂಗಾಲಿ ಲಾಫರ್ಡ್ ಈ ಸಾಲಿನಲ್ಲಿ ಎಲ್ಲರಿಗಿಂತ ಮುಂಚಿನವರು. 1994ರ 'ನಿಂಗಾಲಿ'ಯಲ್ಲಿ ಮೂಲನಿವಾಸಿ ಭಾಷೆ ವಾಲ್ಮಜಾರಿ, ಇಂಗ್ಲಿಷ್ ಬೆರೆತು ಹುಟ್ಟಿದ ಕ್ರಿಯೋಲ್, ಇಂಗ್ಲಿಷ್ ಮೂರೂ ಬರುತ್ತವೆ. ಕ್ರಿಸ್ಮಸ್ ಕ್ರೀಕ್ ದನಗಾವಲಿನಲ್ಲಿ ಹುಟ್ಟಿದ ಹುಡುಗಿ ಓದಲು ಅಲಾಸ್ಕಾಕ್ಕೆ ಹೋಗಿದ್ದು, ಸಿಡ್ನಿಯಲ್ಲಿ ನೃತ್ಯ ಕಲಿತಿದ್ದು ಎಲ್ಲ ಅದರಲ್ಲಿದೆ. 1995ರಲ್ಲಿ ಸ್ಕಾಟ್ಲೆಂಡ್‌ನ ಎಡಿನ್‌ಬರೋ ರಂಗೋತ್ಸವದಲ್ಲಿ ಫ್ರಿಂಜ್ ಫಸ್ಟ್ ಪ್ರಶಸ್ತಿಯೂ ಬಂತು.

ಒಂದು ಕಿರಿಕಿರಿಯ ಪ್ರಶ್ನೆ ಇದೆ, ವಿದ್ಯಾರ್ಥಿಗಳು ಕೇಳೇ ಕೇಳುತ್ತಾರೆ. ಲಿಯಾ ಜೊತೆ ಬರೆದವರು ಸ್ಕಾಟ್ ರ‍್ಯಾಂಕಿನ್, ಜ್ಯಾಕ್ ಜೊತೆ ಜಾನ್ ರೊಮೆರಿಲ್, ನಿಂಗಾಲಿ ಜೊತೆ ಏಂಜೆಲಾ ಚಾಪ್ಲಿನ್ ಮತ್ತು ರಾಬಿನ್ ಆರ್ಚರ್. ಬಿಳಿಯರು. ಹಾಗಾದರೆ ಇದು ಯಾರ ಕಥೆ? ಬಾಯಿಮಾತಿನ ಕಥೆಯನ್ನು ನಾಟಕವಾಗಿ ಕಟ್ಟಲು ಹೊರಗಿನ ಒಂದು ಕಿವಿ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ನಾನು ನೋಡುವುದು ಕತ್ತರಿ ಕೊನೆಗೆ ಯಾರ ಕೈಯಲ್ಲಿ ಇತ್ತು ಅನ್ನುವುದನ್ನು. ಡೇವಿಡ್ ಪೇಜ್ ಅನ್ನುವ ಅಬೊರಿಜಿನಲ್ ಕಲಾವಿದರ ಏಕವ್ಯಕ್ತಿ ನಾಟಕ 'ಪೇಜ್ 8' (2004) ಬರೆಯಲು ಬಿಳಿಯ ನಾಟಕಕಾರ ಲೂಯಿ ನೌರಾ ಜೊತೆಗಿದ್ದರು, ಆದರೆ ನಿರ್ದೇಶಿಸಿದ್ದು ಸ್ವಂತ ತಮ್ಮ ಸ್ಟೀಫನ್. ಹನ್ನೆರಡು ಮಕ್ಕಳ ಮನೆಯಲ್ಲಿ ಎಂಟನೆಯವರಾದ ಡೇವಿಡ್ ಏನಾದರೂ ಉಪ್ಪು ಖಾರ ಹಚ್ಚಿದರೆ ಹಿಡಿಯಲು ಅದೇ ಮನೆಯಲ್ಲಿ ಬೆಳೆದವರೇ ಎದುರಿಗೆ ಕೂತಿದ್ದರು! ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಗೊತ್ತಿಲ್ಲ. ನಿಮ್ಮ ಕಥೆಯಲ್ಲಿ ನಿಮ್ಮ ಅಮ್ಮ ಬರುತ್ತಾರೆ, ಅಕ್ಕ ಬರುತ್ತಾರೆ. ಅವರನ್ನು ಕೇಳಿದ್ದೀರಾ? ಅನೇಕ ಅಬೊರಿಜಿನಲ್ ಸಮುದಾಯಗಳಲ್ಲಿ ತೀರಿಹೋದವರ ಹೆಸರು ಹೇಳಲು, ಫೋಟೊ ತೋರಿಸಲು ಮನೆಯವರ ಒಪ್ಪಿಗೆ ಬೇಕು. 2022ರಲ್ಲಿ ಜ್ಯಾಕ್ ತೀರಿಕೊಂಡಾಗ ಕುಟುಂಬ ಒಪ್ಪಿಗೆ ಕೊಟ್ಟ ಮೇಲೆಯೇ ಹೆಸರು, ಚಿತ್ರ ಬಳಸಿದ್ದು.

'ದ ಸೆವೆನ್ ಸ್ಟೇಜಸ್ ಆಫ್ ಗ್ರೀವಿಂಗ್' ಬಗ್ಗೆ ಬೇರೆಯಾಗಿಯೇ ಹೇಳಬೇಕು. ನಿರ್ದೇಶಕ ವೆಸ್ಲಿ ಈನಕ್ ಮತ್ತು ನಟಿ ಡೆಬೊರಾ ಮೇಲ್‌ಮನ್ ಸೇರಿ ಬ್ರಿಸ್ಬೇನ್‌ನಲ್ಲಿ 1995ರಲ್ಲಿ ಕಟ್ಟಿದ್ದು. ಏಳು ಹಗ್ಗಗಳಲ್ಲಿ ತೂಗುವ ದೊಡ್ಡ ಮಂಜುಗಡ್ಡೆ, ಕರಗಿ ಕೆಂಪು ಮಣ್ಣಿನ ಹೊಸ ಗೋರಿಯ ಮೇಲೆ ಹನಿಯುತ್ತದೆ. ತೀರಿಹೋದವರ ಫೋಟೊಗಳನ್ನು ತುಂಬಿಟ್ಟ ಸೂಟ್‌ಕೇಸ್ ಒಂದಿದೆ. ಒಬ್ಬಳೇ ನಟಿ, ಆದರೆ ಕಥೆ ಒಬ್ಬಳದ್ದಲ್ಲ. ಇಬ್ಬರ ಮನೆಗಳ ನೆನಪು, ಬೇರೆಯವರಿಂದ ಕೇಳಿದ್ದು, ಎಲ್ಲ ಬೆರೆತಿದೆ. ಅದಕ್ಕೇ ಇದು ಕೈದಾಟಿ ಮುಂದೆ ಹೋಯಿತು: 2015ರಲ್ಲಿ ಚಿನೋವಾ ಡೀಮಲ್, 2021ರಲ್ಲಿ ಇಲೇನ್ ಕ್ರಾಂಬಿ ಮಾಡಿದರು. ಜ್ಯಾಕ್ ನಾಟಕವನ್ನು ಇನ್ನೊಬ್ಬರು ಮಾಡುವುದನ್ನು ನನಗೆ ಊಹಿಸಲೂ ಆಗಲ್ಲ. ಆ ಪರದೆಯಲ್ಲಿರುವ ಮುಖವೇ ತಿಗರಿ ಮುಂದೆಯೂ ಕೂತಿರಬೇಕು.

ಹೀಗಾಗಿ ಮೊದಲ ದಿನವೇ ಕೇಳಿಬಿಡುತ್ತೇನೆ: ಈ ನಾಟಕವನ್ನು ನಿಮ್ಮ ನಂತರ ಬೇರೆಯವರು ಆಡಬಹುದಾ? "ಇಲ್ಲ" ಅಂದರೂ ಪರವಾಗಿಲ್ಲ, ಆದರೆ ಅದಕ್ಕೆ ತಕ್ಕ ಹಾಗೆ ಬರೆಯುವುದೇ ಬೇರೆ, ತಾಲೀಮು ಮಾಡುವುದೇ ಬೇರೆ.