ಮುಟ್ಟಾದ 14ನೇ ದಿನವೇ ಅಂಡಾಣು ಬಿಡುಗಡೆ ಆಗುತ್ತದಾ?

ಪ್ರಶ್ನೆ: ನನಗೆ ಮುಟ್ಟು 33 ದಿನಕ್ಕೊಮ್ಮೆ ಬರುತ್ತದೆ. ಮಗು ಬೇಕೆಂದು ಕೆಲವು ತಿಂಗಳಿಂದ ಪ್ರಯತ್ನಿಸುತ್ತಿದ್ದೇವೆ. 14ನೇ ದಿನ ಓವ್ಯುಲೇಶನ್ (ಅಂಡಾಣು ಬಿಡುಗಡೆ) ಆಗುತ್ತದೆ ಎಂದು ಓದಿ, 12ರಿಂದ 15ನೇ ದಿನದವರೆಗೆ ತಪ್ಪದೆ ಸೇರುತ್ತಿದ್ದೇವೆ. ಆದರೂ ಗರ್ಭ ನಿಲ್ಲುತ್ತಿಲ್ಲ. ನಮ್ಮ ಲೆಕ್ಕವೇ ತಪ್ಪಾ?

ಉತ್ತರ: ಹೌದು, ಲೆಕ್ಕದಲ್ಲಿ ವ್ಯತ್ಯಾಸ ಇರುವಂತೆ ಕಾಣುತ್ತದೆ. ಆದರೆ ಅದು ನಿಮ್ಮ ತಪ್ಪಲ್ಲ. ಎಲ್ಲ ಕಡೆ ಹೇಳುವ ಆ "14ನೇ ದಿನ" 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ನಿಮ್ಮ ವಿಷಯದಲ್ಲಿ 14 ದಿನವನ್ನು ಹಿಂದಿನಿಂದ ಎಣಿಸಬೇಕು. ಅಂದರೆ ಮುಂದಿನ ಮುಟ್ಟು ಬರುವ ದಿನದಿಂದ ಹಿಂದಕ್ಕೆ. 33ರಲ್ಲಿ 14 ಕಳೆದರೆ 19. ಸುಮಾರು 19ನೇ ದಿನದ ಆಸುಪಾಸಿನಲ್ಲಿ ನಿಮ್ಮ ಅಂಡಾಣು ಬಿಡುಗಡೆ ಆಗುತ್ತಿರಬಹುದು. 24 ದಿನಕ್ಕೇ ಮುಟ್ಟಾಗುವವರಿಗೆ ಅದು 10ನೇ ದಿನಕ್ಕೇ ಬಂದುಬಿಡುತ್ತದೆ.

ಹಿಂದಿನಿಂದಲೇ ಯಾಕೆ ಎಣಿಸಬೇಕು? ಋತುಚಕ್ರದಲ್ಲಿ ಎರಡು ಭಾಗ ಇದೆ. ಮುಟ್ಟಿನ ಮೊದಲ ದಿನದಿಂದ ಅಂಡಾಣು ಬಲಿತು ಹೊರಬರುವವರೆಗೆ ಒಂದು ಭಾಗ. ಇದು ಹಿಗ್ಗುತ್ತದೆ, ಕುಗ್ಗುತ್ತದೆ. ಜೋರು ಜ್ವರ ಬಂದರೆ, ತೂಕ ಥಟ್ಟನೆ ಏರುಪೇರಾದರೆ, ಮನಸ್ಸಿಗೆ ತುಂಬಾ ಒತ್ತಡವಾದರೆ ಅಂಡಾಣು ಹೊರಬರುವುದೇ ತಡವಾಗಬಹುದು. ಎರಡನೇ ಭಾಗ ಹಾಗಲ್ಲ. ಅಂಡಾಣು ಹೋದ ಮೇಲೆ ಅಂಡಾಶಯದಲ್ಲಿ ಉಳಿಯುವ ಚೀಲದಂಥ ಕೋಶ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಸುರಿಸುತ್ತದೆ. ಗರ್ಭ ನಿಲ್ಲದಿದ್ದರೆ ಆ ಕೋಶ ಸುಮಾರು ಎರಡು ವಾರದಲ್ಲಿ ಬತ್ತುತ್ತದೆ, ಹಾರ್ಮೋನ್ ಇಳಿಯುತ್ತದೆ, ಮುಟ್ಟಾಗುತ್ತದೆ. ಇದು ಕೆಲವರಿಗೆ 11 ದಿನ, ಕೆಲವರಿಗೆ 16 ದಿನ ಇರಬಹುದು. ಆದರೂ ಮೊದಲ ಭಾಗದಷ್ಟು ಏರುಪೇರಾಗುವುದಿಲ್ಲ. 1920ರ ದಶಕದಲ್ಲಿ ಜಪಾನಿನ ವೈದ್ಯ ಕ್ಯುಸಾಕು ಓಗಿನೊ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನೌಸ್ ಬೇರೆಬೇರೆಯಾಗಿ ಕೆಲಸ ಮಾಡುತ್ತಾ ಹೆಚ್ಚುಕಡಿಮೆ ಇದನ್ನೇ ಕಂಡುಕೊಂಡರು. ಇಷ್ಟು ಹಳೆಯ ವಿಷಯ ಇನ್ನೂ ಅರ್ಧಂಬರ್ಧ ಹರಡುತ್ತಿದೆಯಲ್ಲಾ ಎಂದು ನನಗೆ ನಿಜಕ್ಕೂ ಬೇಸರವಾಗುತ್ತದೆ.

ಈಗ ಯಾವ ದಿನ ಸೇರಬೇಕು ಎನ್ನುವ ಮಾತು. ಹೊರಬಂದ ಅಂಡಾಣುವಿಗೆ ಆಯಸ್ಸು ಜಾಸ್ತಿ ಇಲ್ಲ. 12ರಿಂದ 24 ಗಂಟೆ ಅಷ್ಟೆ. ವೀರ್ಯಾಣು ಮಾತ್ರ ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಅಂಡಾಣು ಬರುವ ಮೊದಲೇ ವೀರ್ಯಾಣು ಅಲ್ಲಿ ಕಾಯುತ್ತಿರುವುದು ಒಳ್ಳೆಯದು. ಗರ್ಭ ನಿಲ್ಲುವ ಸಾಧ್ಯತೆ ಇರುವುದು ಸುಮಾರು ಆರು ದಿನ: ಬಿಡುಗಡೆಗೆ ಮುಂಚಿನ ಐದು ದಿನ ಮತ್ತು ಆ ದಿನ. ಅದರಲ್ಲೂ ಕೊನೆಯ ಮೂರು ದಿನ ಮುಖ್ಯ. ನೀವು 15ನೇ ದಿನಕ್ಕೆ ನಿಲ್ಲಿಸುತ್ತಿದ್ದೀರಿ. ನಿಮ್ಮ ಒಳ್ಳೆಯ ದಿನಗಳು ಆಗಷ್ಟೇ ಶುರುವಾಗುತ್ತಿವೆ! 13ರಿಂದ 21ನೇ ದಿನದವರೆಗೆ ದಿನ ಬಿಟ್ಟು ದಿನ ಸೇರಿದರೂ ಸಾಕು.

ಕ್ಯಾಲೆಂಡರ್ ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದರೂ ಅದು ಅಂದಾಜೇ. ಬರೀ ಮುಟ್ಟಿನ ತಾರೀಕು ತುಂಬಿಸುವ ಮೊಬೈಲ್ ಆಪ್‌ಗಳೂ ಇದೇ ಕೂಡುವ ಕಳೆಯುವ ಕೆಲಸ ಮಾಡುತ್ತವೆ. ನಾನಾದರೆ ದೇಹ ಕೊಡುವ ಸೂಚನೆಯನ್ನೇ ಹೆಚ್ಚು ನಂಬುತ್ತೇನೆ. ಅಂಡಾಣು ಬಿಡುಗಡೆ ಹತ್ತಿರವಾದಂತೆ ಯೋನಿಸ್ರಾವ ಹಸಿ ಮೊಟ್ಟೆಯ ಬಿಳಿ ಲೋಳೆಯ ಹಾಗೆ ತಿಳಿಯಾಗಿ, ಜಾರುವಂತೆ ಇರುತ್ತದೆ. ಬೆರಳ ನಡುವೆ ಎಳೆದರೆ ಎಳೆಯಾಗಿ ಬರುತ್ತದೆ. ಹಾಗೆ ಕಂಡ ದಿನಗಳನ್ನು ಬಿಡಬೇಡಿ. ಅದು ಮತ್ತೆ ಗಟ್ಟಿಯಾಗಿ, ಅಂಟಂಟಾದರೆ ಬಿಡುಗಡೆ ಮುಗಿದಿದೆ ಎಂದುಕೊಳ್ಳಬಹುದು.

ಮೂತ್ರದಲ್ಲಿ ನೋಡುವ ಓವ್ಯುಲೇಶನ್ ಕಿಟ್ ಕೂಡ ಸಿಗುತ್ತದೆ. ಅಂಡಾಣು ಹೊರಬರುವಂತೆ ಮಾಡುವ ಎಲ್‌ಎಚ್ ಎಂಬ ಹಾರ್ಮೋನ್ ಏರಿದ್ದನ್ನು ಅದು ತೋರಿಸುತ್ತದೆ. ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಒಂದೂವರೆ ದಿನದೊಳಗೆ ಅಂಡಾಣು ಬರುತ್ತದೆ. ನೀವು 15ನೇ ದಿನದಿಂದ ಪರೀಕ್ಷೆ ಶುರು ಮಾಡಿ. ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಣು ಬಿಡುಗಡೆ ಸರಿಯಾಗಿ ಆಗದ ತೊಂದರೆ) ಇರುವವರಲ್ಲಿ ಎಲ್‌ಎಚ್ ಮೊದಲೇ ಜಾಸ್ತಿ ಇರಬಹುದು, ಅಂಥವರಿಗೆ ಕಿಟ್ ದಾರಿ ತಪ್ಪಿಸುವುದುಂಟು. ಬೆಳಗ್ಗೆ ಏಳುವ ಮೊದಲು ನೋಡುವ ಮೈ ಉಷ್ಣತೆ ಬಿಡುಗಡೆಯ ನಂತರ ಸ್ವಲ್ಪ, 0.2ರಿಂದ 0.5 ಡಿಗ್ರಿ ಸೆಲ್ಸಿಯಸ್, ಏರುತ್ತದೆ. ಆಗ ಸಮಯ ಮೀರಿರುತ್ತದೆ. ಆದರೂ ಅದನ್ನು ಎರಡು ಮೂರು ತಿಂಗಳು ಬರೆದಿಟ್ಟರೆ ನಿಮ್ಮ ಚಕ್ರದ ರೀತಿ ತಿಳಿಯುತ್ತದೆ.

ಒಂದು ವಿಷಯ ನೆನಪಿಡಿ. ಅಂಡಾಣು ಬಿಡುಗಡೆ ಆಗಿದೆಯಾ ಎಂದು ನೋಡಲು "21ನೇ ದಿನದ ಪ್ರೊಜೆಸ್ಟರಾನ್" ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅದೂ 28 ದಿನದ ಲೆಕ್ಕವೇ. ಮುಂದಿನ ಮುಟ್ಟಿಗೆ 7 ದಿನ ಮೊದಲು ಮಾಡಬೇಕಾದ ಪರೀಕ್ಷೆ ಅದು. ನಿಮಗೆ 26ನೇ ದಿನ ಸರಿ. 21ನೇ ದಿನವೇ ಮಾಡಿಸಿದರೆ ಎಲ್ಲ ಸರಿ ಇದ್ದರೂ ಕಡಿಮೆ ಬಂದು ಸುಮ್ನೆ ಗಾಬರಿಯಾಗುತ್ತದೆ. ವೈದ್ಯರಿಗೆ ನಿಮ್ಮ ಚಕ್ರ ಎಷ್ಟು ದಿನದ್ದು ಎಂದು ಮೊದಲೇ ಹೇಳಿ.

ಈ ಲೆಕ್ಕವನ್ನೇ ತಿರುಗಿಸಿ ಗರ್ಭ ತಡೆಯಲು ಬಳಸಬೇಡಿ. ಒಂದು ತಿಂಗಳು ಬಿಡುಗಡೆ ನಾಲ್ಕು ದಿನ ಆಚೀಚೆ ಆದರೆ ಎಣಿಕೆ ಕೈಕೊಡುತ್ತದೆ.

ವಯಸ್ಸು 35ರ ಒಳಗಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ. ಆಗಲೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಮುಟ್ಟು 21 ದಿನದೊಳಗೆ ಬರುತ್ತಿದ್ದರೆ, 35 ದಿನ ಮೀರುತ್ತಿದ್ದರೆ, ಇಲ್ಲವೇ ತಿಂಗಳುಗಟ್ಟಲೆ ಬಾರದಿದ್ದರೆ ಅಷ್ಟು ದಿನ ಕಾಯಬೇಡಿ. ಹೋಗುವಾಗ ಇಬ್ಬರೂ ಹೋಗಿ. ಗಂಡನ ವೀರ್ಯ ಪರೀಕ್ಷೆ ಸುಲಭ, ನೋವಿಲ್ಲದ್ದು. ಹೆಂಡತಿಯ ಎಲ್ಲ ಪರೀಕ್ಷೆ ಮುಗಿಯಲಿ ಎಂದು ಅದನ್ನು ಮುಂದೂಡಬಾರದು, ಮೊದಲ ಸುತ್ತಿನಲ್ಲೇ ಆಗಬೇಕು.