ಅಂಟಿನ ಆಲ್ಬಮ್‌ಗೆ ಕಚ್ಚಿಕೊಂಡ ಮನೆಯ ಫೋಟೊಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಅಪ್ಪ 1980ರ ದಶಕದಲ್ಲಿ ತೆಗೆದ ಫೋಟೊಗಳಿವೆ. ಹಂಪಿ, ಜೋಗದ ಪ್ರವಾಸ, ಅಜ್ಜಿಮನೆಯ ಹಬ್ಬ, ನಮ್ಮ ನಾಮಕರಣ, ಹಿತ್ತಲಲ್ಲಿ ಸುಮ್ಮನೆ ತೆಗೆದವು. ಎಲ್ಲ ಅಂಟಿನ ಹಾಳೆಯ ಆಲ್ಬಮ್‌ನಲ್ಲಿವೆ. ಬಣ್ಣ ಕೆಂಪಗಾಗಿದೆ, ಅರ್ಧಕ್ಕರ್ಧ ಹಾಳೆಗೆ ಕಚ್ಚಿಕೊಂಡಿವೆ. ಹರಿಯದ ಹಾಗೆ ಬಿಡಿಸಿ ಸ್ಕ್ಯಾನ್ ಮಾಡುವುದು ಹೇಗೆ?

ಉತ್ತರ: ಬಿಡಿಸುವ ಮೊದಲೇ ಒಂದು ನಕಲು ತೆಗೆದಿಟ್ಟುಕೊಳ್ಳಿ. ಆಮೇಲೆ ಏನು ಎಡವಟ್ಟಾದರೂ ಚಿತ್ರ ಪೂರ್ತಿ ಕೈಬಿಟ್ಟು ಹೋಗುವುದಿಲ್ಲ. ಆಲ್ಬಮ್ಮನ್ನು ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು, ಫ್ಲ್ಯಾಷ್ ಆಫ್ ಮಾಡಿ, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ಪ್ರತಿ ಪುಟದ ಪೂರ್ಣ ಚಿತ್ರ ತೆಗೆಯಿರಿ. ಬಿಡಿ ಫೋಟೊ ಮಾತ್ರವಲ್ಲ, ಇಡೀ ಪುಟ ಬೇಕು. ಯಾವ ಫೋಟೊದ ಪಕ್ಕ ಯಾವುದನ್ನು ಅಂಟಿಸಿದ್ದರು, ಅಂಚಿನಲ್ಲಿ ಏನು ಬರೆದಿದ್ದರು ಎಂಬುದೇ ಮುಂದೆ ಊರು, ವರ್ಷ, ಸಂದರ್ಭ ಗುರುತಿಸಲು ಆಧಾರವಾಗುತ್ತದೆ. ಬಿಡಿಸಿದ ಮೇಲೆ ಆ ಅನುಕ್ರಮ ಮತ್ತೆ ಸಿಗದು.

ಎರಡನೆಯ ಕೆಲಸ ನೆಗೆಟಿವ್ ಹುಡುಕುವುದು. ಸ್ಟುಡಿಯೊದವರು ಪ್ರಿಂಟಿನ ಜೊತೆ ಕೊಟ್ಟ ಕವರುಗಳು ಆಲ್ಬಮ್ಮಿನ ಹಿಂಬದಿಯಲ್ಲೋ, ಟ್ರಂಕಿನ ತಳದಲ್ಲೋ, ಮದುವೆ ಕಾಗದಗಳ ನಡುವೆಯೋ ಇರುತ್ತವೆ. ನೆಗೆಟಿವ್ ಸಿಕ್ಕರೆ, ಕಚ್ಚಿಕೊಂಡ ಪ್ರಿಂಟಿನ ಜೊತೆ ಗುದ್ದಾಡುವ ಅಗತ್ಯವೇ ಇಲ್ಲ. ಅದೇ ಮೂಲ. ಪ್ರಿಂಟಿನಲ್ಲಿ ಬಿಳಚಿಕೊಂಡ ಆಕಾಶ, ಕಪ್ಪಾಗಿ ಹೋದ ಮುಖ ನೆಗೆಟಿವ್‌ನಲ್ಲಿ ಬಹಳ ಸಲ ಸ್ಪಷ್ಟವಾಗಿಯೇ ಇರುತ್ತದೆ. ಗಾತ್ರದಿಂದ ಕ್ಯಾಮೆರಾ ಯಾವುದೆಂದೂ ಊಹಿಸಬಹುದು. ಅಗ್ಫಾ ಕ್ಲಿಕ್-3ರಂಥ ಡಬ್ಬಿ ಕ್ಯಾಮೆರಾದಲ್ಲಿ 120 ಫಿಲ್ಮ್ ಹಾಕಿ ಹನ್ನೆರಡು ಚೌಕ ಚಿತ್ರ ತೆಗೆಯುತ್ತಿದ್ದರು. ಹಾಟ್‌ಶಾಟ್ ಮಾದರಿಯ ಉದ್ದನೆಯ ಪುಟ್ಟ ಕ್ಯಾಮೆರಾದ 110 ಫಿಲ್ಮಿನ ಚೌಕಟ್ಟು ಬರೀ 13×17 ಮಿ.ಮೀ. ಉಳಿದ ಬಹುಪಾಲು 35 ಮಿ.ಮೀ. ಫಿಲ್ಮ್, ಚೌಕಟ್ಟು 24×36 ಮಿ.ಮೀ.

ಈಗ ಅಂಟಿನ ವಿಷಯ. ಈ ಆಲ್ಬಮ್ಮುಗಳ ರಟ್ಟಿನ ಹಾಳೆಯ ಮೇಲೆ ಸಾಲುಸಾಲಾಗಿ ಅಂಟು ಬಳಿದು, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಹೊಸದರಲ್ಲಿ ಫೋಟೊ ಎತ್ತಿ ಬೇರೆಡೆ ಇಡಬಹುದಿತ್ತು. ವರ್ಷಗಳು ಕಳೆದಂತೆ ಅಂಟು ಹಳದಿಯಾಗಿ ಗಟ್ಟಿಯಾಗುತ್ತದೆ, ಅಗ್ಗದ ರಟ್ಟಿನ ಆಮ್ಲ ಫೋಟೊಗೆ ಇಳಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಪಿವಿಸಿಯಾಗಿದ್ದರೆ ಅದೂ ಫೋಟೊದ ಮುಖಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಮೊದಲು ಪ್ಲಾಸ್ಟಿಕ್ಕನ್ನು ಒಂದು ಮೂಲೆಯಿಂದ ಹಾಳೆಗೆ ಹತ್ತಿದಂತೆಯೇ ಹಿಂದಕ್ಕೆ ಮಡಚುತ್ತ ನಿಧಾನಕ್ಕೆ ಸುಲಿಯಿರಿ. ಫೋಟೊದ ಮುಖವೇ ಎದ್ದು ಬರುತ್ತಿದೆ ಅನ್ನಿಸಿದ ಕ್ಷಣ ನಿಲ್ಲಿಸಿ. ಆ ಫೋಟೊವನ್ನು ಪ್ಲಾಸ್ಟಿಕ್ ಸಮೇತವೇ ಸ್ಕ್ಯಾನ್ ಮಾಡಬೇಕು.

ಬಿಡಿಸಲು ಬೇಕಾದ್ದು ಹಲ್ಲಿನ ಸಂದಿ ಶುಚಿ ಮಾಡುವ ದಾರ, ಅಂದರೆ ಡೆಂಟಲ್ ಫ್ಲಾಸ್. ಮೇಣ ಸವರದ, ಪರಿಮಳವಿಲ್ಲದ ಫ್ಲಾಸ್ ತನ್ನಿ. ಮೇಣದ್ದಾದರೆ ಫೋಟೊಗೆ ಜಿಡ್ಡು ಹತ್ತುತ್ತದೆ. ಸುಮಾರು 45 ಸೆಂ.ಮೀ. ದಾರವನ್ನು ಎರಡೂ ಕೈಯ ಬೆರಳಿಗೆ ಸುತ್ತಿ, ಫೋಟೊದ ಒಂದು ಮೂಲೆಯ ಅಡಿಗೆ ತೂರಿಸಿ, ಗರಗಸ ಎಳೆದ ಹಾಗೆ ಅತ್ತಿತ್ತ ಎಳೆಯುತ್ತ ಮುಂದೆ ಸಾಗಿ. ದಾರವನ್ನು ಸದಾ ರಟ್ಟಿನ ಕಡೆಗೆ ಒತ್ತಿ ಹಿಡಿಯಿರಿ, ಹರಿದರೆ ರಟ್ಟು ಹರಿಯಲಿ. ಫೋಟೊವನ್ನು ಮೇಲಕ್ಕೆ ಬಾಗಿಸಿ ಎತ್ತುವುದೇ ಎಲ್ಲರೂ ಮಾಡುವ ತಪ್ಪು. ಚಿತ್ರವಿರುವ ಜಿಲೆಟಿನ್ ಪದರ ಹಳತಾದಷ್ಟೂ ಪೆಡಸಾಗಿರುತ್ತದೆ, ಒಮ್ಮೆ ಬಾಗಿದರೆ ಬಿಳಿ ಗೆರೆಯಾಗಿ ಬಿರಿಯುತ್ತದೆ. ಆ ಗೆರೆ ಹೋಗುವುದಿಲ್ಲ. ಬಾಗಿಸುವುದಿದ್ದರೆ ಫೋಟೊ ಚಪ್ಪಟೆಯಾಗಿಯೇ ಇದ್ದು ಹಾಳೆ ಕೆಳಕ್ಕೆ ಬಾಗಬೇಕು.

ದಾರ ಸಾಗದಿದ್ದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಗೆ ಇಟ್ಟು, ಹಾಳೆಯ ಹಿಂಬದಿಯಿಂದ, ಒಂದು ಗೇಣು ದೂರದಲ್ಲಿ ಆಡಿಸುತ್ತ ಇಪ್ಪತ್ತು ಮೂವತ್ತು ಸೆಕೆಂಡು ಬಿಸಿ ಕೊಡಿ. ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ಬಿಸಿ ಹೆಚ್ಚಿದರೆ ಅಂಟಿನ ಜೊತೆಗೆ ಜಿಲೆಟಿನ್ನೂ ಮೆತ್ತಗಾಗುತ್ತದೆ. ಬೇಡವೆನಿಸಿದ, ಮಸುಕಾದ ಒಂದು ಫೋಟೊದ ಮೇಲೆ ಮೊದಲು ಕೈ ಪಳಗಿಸಿಕೊಳ್ಳಿ. ಅಜ್ಜನ ಒಂದೇ ಒಂದು ಫೋಟೊದಿಂದ ಆರಂಭಿಸಬೇಡಿ. ಎರಡು ಪ್ರಯತ್ನದಲ್ಲೂ ಬಾರದಿದ್ದರೆ ಫೋಟೊದ ಸುತ್ತ ರಟ್ಟನ್ನೇ ಕತ್ತರಿಸಿ ತೆಗೆದು, ಹಾಗೆಯೇ ಸ್ಕ್ಯಾನ್ ಮಾಡಿ. ಹಿಂದೆ ಉಳಿದ ಅಂಟನ್ನು ಕೆರೆಯಬೇಡಿ.

ನೀರಿನಲ್ಲಿ ನೆನೆಸಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಸ್ಟುಡಿಯೊದಲ್ಲಿ ಪ್ರಿಂಟನ್ನು ನೀರಿನಲ್ಲೇ ತೊಳೆದಿದ್ದರಲ್ಲವೇ ಎಂಬುದು ವಾದ. ಆಗ ಅದು ಹೊಸ ಜಿಲೆಟಿನ್. ಈಗ ಅದರ ಮೇಲೆ ಬೂಷ್ಟು ಹಿಡಿದಿದ್ದರೆ, ಶಿಲೀಂಧ್ರ ಆ ಜಿಲೆಟಿನ್ನನ್ನೇ ತಿಂದು, ನೀರಿನಲ್ಲಿ ಕರಗುವಂತೆ ಮಾಡಿರುತ್ತದೆ. ನೀರು ತಾಗಿದರೆ ಬೂಷ್ಟಿನ ಜೊತೆ ಮುಖವೂ ತೊಳೆದುಹೋಗುತ್ತದೆ. ಕೈಯಿಂದ ಬಣ್ಣ ತುಂಬಿದ ಹಳೆಯ ಕಪ್ಪುಬಿಳುಪು ಫೋಟೊ, ಹಿಂದೆ ಶಾಯಿಯಲ್ಲಿ ಹೆಸರು ಬರೆದದ್ದು, ಇಂಕ್‌ಜೆಟ್ ಪ್ರಿಂಟು ಇವಕ್ಕೂ ನೀರು ಸಲ್ಲ. ಬೂಷ್ಟು ಕಂಡರೆ ಮೊದಲು ಒಣಗಿಸಿ. ಗಾಳಿಯಾಡದ ಡಬ್ಬಿಯಲ್ಲಿ ಫೋಟೊಗಳ ಜೊತೆ ಬಟ್ಟೆಯ ಚೀಲದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಇಟ್ಟು ನಾಲ್ಕೈದು ದಿನ ಬಿಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ತಳ್ಳಿ. ಹಸಿ ಇದ್ದಾಗ ಒರೆಸಿದರೆ ಮೇಲಿದ್ದದ್ದು ಒಳಕ್ಕೆ ಮೆತ್ತಿಕೊಳ್ಳುತ್ತದೆ.

ಕಾಲವೂ ಮುಖ್ಯ. ಗಾಳಿಯ ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಬೆಳೆಯಲು ಶುರು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲವಿಡೀ ಅದಕ್ಕಿಂತ ಮೇಲೆಯೇ ಇರುತ್ತದೆ. ಅಲ್ಲಿನವರು ಈ ಕೆಲಸವನ್ನು ಜನವರಿಯಿಂದ ಮಾರ್ಚಿಯೊಳಗೆ ಮುಗಿಸಿಕೊಳ್ಳಿ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್ ಬಿಸಿಲಲ್ಲಿ ತೊಂದರೆ ಉಲ್ಟಾ, ಫೋಟೊ ಒಣಗಿ ಸುರುಳಿ ಸುತ್ತಿಕೊಳ್ಳುತ್ತದೆ, ಒತ್ತಿದರೆ ಸೀಳುತ್ತದೆ.

ಚೌಕಟ್ಟಿನ ಗಾಜಿಗೆ ಕಚ್ಚಿದ ಫೋಟೊವನ್ನು ಮನೆಯಲ್ಲಿ ಬಿಡಿಸಲು ಹೋಗಲೇಬೇಡಿ. ತೇವಕ್ಕೆ ಉಬ್ಬಿದ ಜಿಲೆಟಿನ್ ಗಾಜಿಗೆ ಒತ್ತಿಕೊಂಡು ಅಲ್ಲೇ ಒಣಗಿರುತ್ತದೆ. ಎಳೆದರೆ ಚಿತ್ರ ಗಾಜಿನ ಮೇಲೆ, ಕಾಗದ ನಿಮ್ಮ ಕೈಯಲ್ಲಿ. ಗಾಜಿನ ಸಮೇತ ನಕಲು ತೆಗೆಯಿರಿ.

ಸ್ಕ್ಯಾನ್ ಮಾಡುವಾಗ

4×6 ಇಂಚಿನ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಸಾಕು. 2400×3600 ಪಿಕ್ಸೆಲ್, ಅಂದರೆ ಎಂಟೂವರೆ ಮೆಗಾಪಿಕ್ಸೆಲ್ ಬರುತ್ತದೆ. ಆ ಪ್ರಿಂಟಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರುವುದಿಲ್ಲ, 1200ಕ್ಕೆ ಏರಿಸಿದರೆ ಕಾಗದದ ನಾರು ದೊಡ್ಡದಾಗಿ ಕಾಣುತ್ತದೆ ಅಷ್ಟೆ. ಪಾಸ್‌ಪೋರ್ಟ್ ಅಳತೆಯ ಫೋಟೊ, ನೆಗೆಟಿವ್‌ನಷ್ಟೇ ಗಾತ್ರದ ಹಳೆಯ ಪುಟ್ಟ ಪ್ರಿಂಟುಗಳಿಗೆ ಮಾತ್ರ 1200 ಇಡಿ. 35 ಮಿ.ಮೀ. ನೆಗೆಟಿವ್‌ಗೆ 3200, 120ರ ಚೌಕ ನೆಗೆಟಿವ್‌ಗೆ 1600ರಿಂದ 2400. ಮುಖ್ಯವಾದವನ್ನು ವಿವರ ಕಳೆಯದ ಟಿಫ್ ಫೈಲಾಗಿ ಉಳಿಸಿ, 600 ಡಿಪಿಐ ಫೋಟೊ ಒಂದಕ್ಕೆ ಸುಮಾರು 26 ಎಂಬಿ ಆಗುತ್ತದೆ. ಉಳಿದವಕ್ಕೆ ಗುಣಮಟ್ಟ 90ಕ್ಕಿಂತ ಮೇಲಿಟ್ಟ ಜೆಪೆಗ್ ಸಾಕು. ಸ್ಕ್ಯಾನರಿನ ತಂತ್ರಾಂಶ ತಾನಾಗಿ ಮಾಡುವ ಶಾರ್ಪನಿಂಗ್, ಬಣ್ಣ ತಿದ್ದುಪಡಿ ಎಲ್ಲವನ್ನೂ ಆಫ್ ಮಾಡಿಡಿ.

ಮನೆಯ ಪ್ರಿಂಟರಿನ ಜೊತೆ ಬರುವ ಸ್ಕ್ಯಾನರುಗಳು ಸಾಮಾನ್ಯವಾಗಿ ಸಿಐಎಸ್ ಮಾದರಿಯವು. ಗಾಜಿಗೆ ಅಂಟಿದಂತೆ ಇರುವುದು ಮಾತ್ರ ಅವಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಹಾಗಾಗಿ ಸುರುಳಿ ಸುತ್ತಿದ ಫೋಟೊ, ರಟ್ಟಿನಿಂದ ಉಬ್ಬಿದ್ದು, ಚೌಕಟ್ಟಿನ ಗಾಜಿನ ಹಿಂದಿರುವುದು ಇವುಗಳಿಗೆ ಸಿಸಿಡಿ ಮಾದರಿಯ ಸ್ಕ್ಯಾನರ್ ಬೇಕು, ಇಲ್ಲವೇ ಕ್ಯಾಮೆರಾದಲ್ಲಿ ತೆಗೆಯಬೇಕು. ಜೇನುಗೂಡಿನಂಥ ಉಬ್ಬುತಗ್ಗಿನ ಕಾಗದದ ಪ್ರಿಂಟುಗಳು ನಮ್ಮಲ್ಲಿ ಬಹಳ. ಸ್ಕ್ಯಾನರಿನ ದೀಪ ಒಂದೇ ಬದಿಯಿಂದ ಬೀಳುವುದರಿಂದ ಪ್ರತಿ ಉಬ್ಬಿನ ಮೇಲೂ ಬಿಳಿ ಚುಕ್ಕೆ ಮೂಡುತ್ತದೆ. ಇವನ್ನು ಸ್ಕ್ಯಾನರಿಗೆ ಹಾಕದೆ, ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ ಒಂದೇ ಬಗೆಯ ದೀಪ ಹಚ್ಚಿ ಮೇಲಿನಿಂದ ಫೋಟೊ ತೆಗೆಯುವುದು ಒಳ್ಳೆಯದು. ಫೋನಿನಲ್ಲಿ ತೆಗೆಯುವುದಾದರೆ ಎರಡು ಪಟ್ಟು ಝೂಮ್ ಇಟ್ಟು ಸ್ವಲ್ಪ ದೂರದಿಂದ ತೆಗೆಯಿರಿ, ಅಂಚುಗಳು ಬಾಗುವುದಿಲ್ಲ. ಮೂರು ಸೆಕೆಂಡಿನ ಟೈಮರ್ ಇಟ್ಟರೆ ಗುಂಡಿ ಒತ್ತಿದ ಅಲುಗಾಟ ತಪ್ಪುತ್ತದೆ. ಹೊಳಪಿನ ಫೋಟೊದಲ್ಲಿ ಫೋನಿನದೇ ಪ್ರತಿಬಿಂಬ ಬೀಳುತ್ತಿದ್ದರೆ ಕಪ್ಪು ರಟ್ಟಿನಲ್ಲಿ ಲೆನ್ಸಿನಷ್ಟು ತೂತು ಕೊರೆದು, ಅದರ ಮೂಲಕ ತೆಗೆಯಿರಿ.

ನೆಗೆಟಿವ್ ಸ್ಕ್ಯಾನರಿನಲ್ಲಿ ಧೂಳು ತೆಗೆಯುವ ಇನ್‌ಫ್ರಾರೆಡ್ ಸೌಲಭ್ಯವಿದ್ದರೆ ಬಣ್ಣದ ಫಿಲ್ಮಿಗೆ ಅದು ವರ. ಕಪ್ಪುಬಿಳುಪು ಫಿಲ್ಮಿಗೆ ಅದನ್ನು ಆಫ್ ಮಾಡಿ. ಅದರಲ್ಲಿನ ಬೆಳ್ಳಿಯ ಕಣಗಳು ಇನ್‌ಫ್ರಾರೆಡ್ಡನ್ನು ತಡೆಯುವುದರಿಂದ ಚಿತ್ರವನ್ನೇ ಕೊಳೆ ಎಂದು ತಿಳಿದು ಕೆಡಿಸುತ್ತದೆ. ನೆಗೆಟಿವ್ ಪೆಟ್ಟಿಗೆ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಅದನ್ನು ಕೂಡಲೇ ಬೇರೆ ಇಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಿ.

ಕೆಂಪು ಬಣ್ಣ ತಿದ್ದುವುದು

ಮುಚ್ಚಿಟ್ಟ ಆಲ್ಬಮ್‌ನಲ್ಲೂ ಬಣ್ಣ ಹೋಯಿತೇಕೆ? ಬಣ್ಣದ ಪ್ರಿಂಟಿನಲ್ಲಿ ಸಯಾನ್ (ಹಸಿರುಮಿಶ್ರಿತ ನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ ಎಂಬ ಮೂರು ವರ್ಣದ್ರವ್ಯಗಳಿವೆ. ಆ ಕಾಲದ ಕಾಗದದಲ್ಲಿ ಕತ್ತಲಲ್ಲಿಟ್ಟರೂ ಸೆಕೆ, ತೇವಕ್ಕೆ ಮೊದಲು ಕಳೆಗುಂದುತ್ತಿದ್ದದ್ದು ಸಯಾನ್. ಕೆಂಪನ್ನು ತಡೆಯುವುದು ಸಯಾನ್ ಆದ್ದರಿಂದ ಅದು ಹೋದೊಡನೆ ಇಡೀ ಚಿತ್ರ ಕೆಂಪೇರುತ್ತದೆ. ಇದರಲ್ಲೇ ಪರಿಹಾರದ ಸುಳಿವೂ ಇದೆ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಲೆವೆಲ್ಸ್ ತೆರೆದು ಕೆಂಪು ಚಾನೆಲ್ ಆಯ್ದುಕೊಳ್ಳಿ. ಗ್ರಾಫಿನ ಎಡಭಾಗ ಖಾಲಿ ಇರುತ್ತದೆ. ಎಡಗಡೆಯ ಕಪ್ಪು ತ್ರಿಕೋನವನ್ನು ಗ್ರಾಫ್ ಏಳುವ ಜಾಗದವರೆಗೆ ಸರಿಸಿ. ಹಸಿರು, ನೀಲಿ ಚಾನೆಲ್‌ಗಳ ಎರಡೂ ತುದಿಗಳನ್ನು ಹೀಗೆಯೇ ಹೊಂದಿಸಿ. ಬಹುತೇಕ ಫೋಟೊಗಳಲ್ಲಿ ಚರ್ಮದ ಬಣ್ಣ, ಸೀರೆಯ ಹಸಿರು ಮರಳಿ ಬರುತ್ತದೆ. ಇದನ್ನು ಪ್ರತಿಯ ಮೇಲೆ ಮಾಡಿ, ಮೂಲ ಸ್ಕ್ಯಾನನ್ನು ಮುಟ್ಟಬೇಡಿ.

ಎಐ ಬಳಸಿ ಮುಖ ಸ್ಪಷ್ಟಗೊಳಿಸುವ ಆ್ಯಪ್‌ಗಳ ಬಗ್ಗೆ ಎಚ್ಚರ ಇರಲಿ. ಅವು ಮಸುಕಾದ ಮುಖದಲ್ಲಿ ಇಲ್ಲದ ವಿವರವನ್ನು ಊಹಿಸಿ ಬಿಡಿಸುತ್ತವೆ. ಅಜ್ಜಿಯ ಕಣ್ಣಿನ ಜಾಗದಲ್ಲಿ ಯಾರದೋ ಕಣ್ಣು ಬಂದು ಕೂರುತ್ತದೆ. ಅಂಥ ಪ್ರತಿಯನ್ನು ಗೋಡೆಗೆ ಹಾಕಿಕೊಳ್ಳಿ ಬೇಕಾದರೆ, ಸಂಗ್ರಹದ ಪ್ರತಿಯಾಗಿ ಇಡಬೇಡಿ.

ಹೆಸರು, ತಾರೀಕು

ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊದ ಮುದ್ರೆ, ಕಾಗದದ ಕಂಪನಿಯ ಹೆಸರು, ಅಪ್ಪನ ಕೈಬರಹ ಎಲ್ಲ ಅಲ್ಲಿದೆ. ಮೂಲೆಯಲ್ಲಿ ಕಿತ್ತಳೆ ಅಂಕಿಯಲ್ಲಿ ಮೂಡಿದ ತಾರೀಕನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ಯಾಟರಿ ಬದಲಿಸಿದ ಮೇಲೆ ಸರಿಪಡಿಸದೆ ಬಿಟ್ಟ ಕ್ಯಾಮೆರಾಗಳು ತಪ್ಪು ವರ್ಷವನ್ನೇ ಒತ್ತುತ್ತಿದ್ದವು. ಸ್ಕ್ಯಾನ್ ಮಾಡಿದ ಫೈಲಿನಲ್ಲಿ ಸ್ಕ್ಯಾನ್ ಮಾಡಿದ ದಿನವೇ ದಾಖಲಾಗುವುದರಿಂದ, ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶದಲ್ಲಿ ನಿಜವಾದ ವರ್ಷ ತುಂಬಿ. ಹೆಸರು ‘1986-05_ಹಂಪಿ_003’ ಎಂಬಂತಿದ್ದರೆ ಫೈಲುಗಳು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ವಿವರವನ್ನು ಯೂನಿಕೋಡ್ ಕನ್ನಡದಲ್ಲೇ ಟೈಪಿಸಿ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಬರೀ ಗೀಜುಗಾಜು ಅಕ್ಷರವಾಗಿ ಕಾಣುತ್ತದೆ.

ಹಿರಿಯರನ್ನು ಕೇಳುವ ಕೆಲಸವನ್ನು ಸ್ಕ್ಯಾನಿಂಗ್ ಮುಗಿಯುವವರೆಗೆ ಮುಂದೂಡಬೇಡಿ. ಮೊದಲ ದಿನ ತೆಗೆದ ಪುಟಗಳ ಚಿತ್ರವನ್ನೇ ಟಿವಿಯಲ್ಲಿ ದೊಡ್ಡದಾಗಿ ತೋರಿಸಿ, ಅವರು ಹೇಳುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ‘ಇದು ಯಾರು?’ ಎನ್ನುವುದಕ್ಕಿಂತ ‘ಇದು ಯಾರ ಮನೆಯ ಜಗಲಿ?’, ‘ಈ ಸೀರೆ ಯಾವಾಗ ತಂದದ್ದು?’ ಎಂದು ಕೇಳಿದರೆ ವರ್ಷವೂ ಊರೂ ಒಟ್ಟಿಗೆ ಸಿಗುತ್ತವೆ.

ಬಿಡಿಸಿದ ಫೋಟೊಗಳನ್ನು ಪಾಲಿಪ್ರೊಪಿಲೀನ್ ಜೇಬುಗಳ ಆಲ್ಬಮ್‌ಗೆ ಹಾಕಿ. ತೆರೆದಾಗ ಘಾಟು ಪ್ಲಾಸ್ಟಿಕ್ ವಾಸನೆ ಬಂದರೆ ಅದು ಪಿವಿಸಿ, ಕೊಳ್ಳಬೇಡಿ. ಅಟ್ಟ ಬೇಡ, ಹೊರಗೋಡೆಗೆ ತಾಗಿದ ಕಪಾಟೂ ಬೇಡ. ನುಸಿಗುಳಿಗೆಯನ್ನು ಫೋಟೊಗಳ ಜೊತೆ ಇಡಬೇಡಿ. ಫೈಲುಗಳ ಮೂರು ಪ್ರತಿ ಮಾಡಿ, ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲೋ ಕ್ಲೌಡ್‌ನಲ್ಲೋ. 2000ದ ದಶಕದಲ್ಲಿ ಸ್ಟುಡಿಯೊದವರು ಕೊಟ್ಟ ಸಿಡಿಗಳಿದ್ದರೆ ಇವತ್ತೇ ಕಾಪಿ ಮಾಡಿಕೊಳ್ಳಿ, ಅವುಗಳ ಬಣ್ಣದ ಪದರವೂ ಹಾಳಾಗುತ್ತದೆ. ಮನೆಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಹಾಗಾದರೆ ಪೂರ್ಣ ಗಾತ್ರವೂ ನೀವು ಕಷ್ಟಪಟ್ಟು ತುಂಬಿದ ತಾರೀಕು, ಹೆಸರುಗಳೂ ಅವರಿಗೆ ಹಾಗೆಯೇ ತಲುಪುತ್ತವೆ.