ಅರ, ಡ್ರಿಲ್ ಬಿಟ್‌ಗಳಿಗೆ ಪ್ಲೈವುಡ್ ಚೂರಿನ ಸ್ಟ್ಯಾಂಡ್

ಫಿಟ್ಟರ್ ಟ್ರೇಡ್ (ಲೋಹದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕೆಲಸ) ಕಲಿಯುವವರಿಗೆ ಮೊದಲು ಕೈಗೆ ಸಿಗುವ ಉಪಕರಣಗಳಲ್ಲಿ ಅರ (ಫೈಲ್) ಒಂದು. ಅದು ಕೆಲಸದಲ್ಲಿ ಸವೆಯುವುದು ಸಹಜ. ಡ್ರಾಯರಿನಲ್ಲಿ ಮಲಗಿ ಹಾಳಾಗುವುದು ಮಾತ್ರ ಅನ್ಯಾಯ. ಹೈ ಕಾರ್ಬನ್ ಉಕ್ಕಿನ ಅರಕ್ಕೆ ಗಡಸುತನ ಕೊಟ್ಟಿರುತ್ತಾರೆ, ಜೊತೆಗೆ ಪೆಡಸುತನವೂ (ಬಾಗದೆ ಮುರಿಯುವ ಗುಣ) ಬಂದಿರುತ್ತದೆ. ಒಂದರ ಮೇಲೊಂದು ಬಿದ್ದು ಉಜ್ಜಿದಾಗ ಹಲ್ಲುಗಳು ಮುಕ್ಕಾಗುತ್ತವೆ. ಹಾಗಾಗಿ ಸ್ಟ್ಯಾಂಡ್ ಮಾಡುವ ಮುನ್ನ ಪ್ರತಿ ಉಪಕರಣವನ್ನೂ ಕೈಯಲ್ಲಿ ಹಿಡಿದು, ಇದರ ಯಾವ ಭಾಗಕ್ಕೆ ಏನೂ ತಾಗಬಾರದು ಎಂದು ಗುರುತಿಸಿಕೊಳ್ಳಿ. ಉಳಿದ ಅಳತೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಅರದ ಸ್ಟ್ಯಾಂಡಿಗೆ 18 ಮಿ.ಮೀ. ದಪ್ಪದ, 100 ಮಿ.ಮೀ. ಅಗಲದ ಪ್ಲೈವುಡ್ ಪಟ್ಟಿ ಸಾಕು. ಬಡಗಿಯ ಅಂಗಡಿಯಲ್ಲಿ ಇಂಥ ಚೂರುಗಳು ಅಗ್ಗಕ್ಕೆ ಸಿಗುತ್ತವೆ. ಪಟ್ಟಿಯ ಮುಂದಿನ ಅಂಚಿನಲ್ಲಿ ಬಾಚಣಿಗೆಯಂತೆ ಸಾಲಾಗಿ ಕಚ್ಚುಗಳನ್ನು ಕೊಯ್ಯಬೇಕು. 10 ಇಂಚಿನ ಚಪ್ಪಟೆ ಅರ ಸುಮಾರು 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪ ಇರುತ್ತದೆ, ಅದಕ್ಕೆ 8 ಮಿ.ಮೀ. ಅಗಲದ, 35 ಮಿ.ಮೀ. ಆಳದ ಕಚ್ಚು ಹೊಂದುತ್ತದೆ. ಕಚ್ಚಿನ ಒಳತುದಿಯಲ್ಲಿ ಮೊದಲು 8 ಮಿ.ಮೀ. ತೂತು ಕೊರೆದು, ಅಂಚಿನಿಂದ ತೂತಿನವರೆಗೆ ಎರಡು ಗರಗಸದ ಗೆರೆ ಎಳೆದರೆ ನಡುವಿನ ಚೂರು ತಾನೇ ಉದುರುತ್ತದೆ. ಅರವನ್ನು ಮುಂದಿನಿಂದ ಜಾರಿಸಿದಾಗ ಹಿಡಿಯ ಬಾಯಲ್ಲಿರುವ ಲೋಹದ ಬಳೆ ಹಲಗೆಯ ಮೇಲೆ ಕೂರುತ್ತದೆ, ಹಲ್ಲುಗಳು ಕೆಳಗೆ ಗಾಳಿಯಲ್ಲಿ ತೂಗುತ್ತವೆ. ಹಿಡಿಗಳು ಒಂದಕ್ಕೊಂದು ತಾಗದಿರಲು ಕಚ್ಚುಗಳ ನಡುಗೆರೆಗಳ ಮಧ್ಯೆ 45 ಮಿ.ಮೀ. ಬಿಡಿ. ಪಟ್ಟಿಯನ್ನು ಗೋಡೆಯ ಕಡೆಗೆ ತುಸು ಇಳಿಜಾರಾಗಿ ಕೂರಿಸಿದರೆ ಅರ ಮುಂದಕ್ಕೆ ಜಾರಿ ಬೀಳುವುದಿಲ್ಲ.

ಡ್ರಿಲ್ ಬಿಟ್‌ಗಳ ಸ್ಟ್ಯಾಂಡ್ ನನಗೆ ಇನ್ನೂ ಇಷ್ಟ. 1ರಿಂದ 13 ಮಿ.ಮೀ.ವರೆಗೆ ಅರ್ಧ ಅರ್ಧ ಮಿ.ಮೀ. ಏರುವ ಸೆಟ್‌ನಲ್ಲಿ 25 ಬಿಟ್‌ಗಳಿರುತ್ತವೆ. ಅವುಗಳನ್ನು ಮರದ ದಿಮ್ಮಿಯಲ್ಲಿ ಕೊರೆದ ತೂತುಗಳಲ್ಲಿ ನಿಲ್ಲಿಸುತ್ತೇವೆ. ಬಿಟ್ ಸಲೀಸಾಗಿ ಕೂತು ಏಳಲು ತೂತು ಅರ್ಧ ಮಿ.ಮೀ. ದೊಡ್ಡದಿರಬೇಕು. ಅಂದರೆ 6ರ ಮನೆಯನ್ನು 6.5ರ ಬಿಟ್‌ನಿಂದ ಕೊರೆಯುವುದು, 6.5ರದ್ದನ್ನು 7ರಿಂದ. ಸೆಟ್ ತನ್ನ ಮನೆಯನ್ನು ತಾನೇ ಕೊರೆದುಕೊಳ್ಳುತ್ತದೆ! 13ರ ತೂತನ್ನಷ್ಟೇ ಮರಳು ಕಾಗದದಿಂದ ಸಡಿಲಿಸಬೇಕು. ಆಳ ಎಲ್ಲಕ್ಕೂ ಒಂದೇ ಆಗಬಾರದು: 1 ಮಿ.ಮೀ. ಬಿಟ್‌ನ ಪೂರ್ತಿ ಉದ್ದವೇ ಸುಮಾರು 34 ಮಿ.ಮೀ., 13ರದ್ದು ಸುಮಾರು 150. ಸಣ್ಣವಕ್ಕೆ 10 ಮಿ.ಮೀ., ದೊಡ್ಡವಕ್ಕೆ 30 ಮಿ.ಮೀ. ಆಳ ಸಾಕು, ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತಿಸಿಕೊಳ್ಳಿ. ದಿಮ್ಮಿ 40 ಮಿ.ಮೀ. ಎತ್ತರವಿರಲಿ. ಬಿಟ್‌ನ ಅಳತೆ ಅದರ ಬುಡದಲ್ಲಿ ಕೊರೆದಿರುತ್ತದೆ, ಬುಡವೇ ತೂತಿನೊಳಗೆ ಹೋಗುವುದರಿಂದ ಅಳತೆ ಕಾಣದು. ಪ್ರತಿ ತೂತಿನ ಮುಂದೆ ಅಂಕೆ ಬರೆಯುವುದನ್ನು ಮರೆಯಬೇಡಿ.

ಸುತ್ತಿಗೆ, ಸ್ಪ್ಯಾನರ್, ಇಕ್ಕಳಗಳಿಗೆ ಹಲಗೆಯ ಮೇಲೆ ಮೊಳೆ ಸಾಕು. ಸುತ್ತ ಬಣ್ಣದಲ್ಲಿ ಅವುಗಳ ಆಕಾರ ಬರೆದರೆ ಯಾವುದು ವಾಪಸ್ ಬಂದಿಲ್ಲವೆಂದು ದೂರದಿಂದಲೇ ತಿಳಿಯುತ್ತದೆ.

ವರ್ನಿಯರ್, ಮೈಕ್ರೋಮೀಟರ್‌ಗಳಂಥ ಸೂಕ್ಷ್ಮ ಅಳತೆಯ ಉಪಕರಣಗಳನ್ನು ಈ ಗೋಡೆಗೆ ತರಬೇಡಿ; ಲೋಹದ ಪುಡಿ ಹಾರುವ ಜಾಗ ಅವಕ್ಕಲ್ಲ. ಮುಚ್ಚಳವಿರುವ ಡಬ್ಬಿಯಲ್ಲಿ, ತೆಳುವಾಗಿ ಎಣ್ಣೆ ಒರೆಸಿ ಇಡಿ. ಮೈಕ್ರೋಮೀಟರಿನ ಅಳೆಯುವ ಎರಡು ಮುಖಗಳ ನಡುವೆ ಸ್ವಲ್ಪ ಅಂತರವಿರಲಿ. ಬಿಗಿಯಾಗಿ ಮುಚ್ಚಿಟ್ಟರೆ ಬಿಸಿಲಿಗೆ ಲೋಹ ಹಿಗ್ಗಿದಾಗ ಆ ಮುಖಗಳ ಮೇಲೆ ಒತ್ತಡ ಬೀಳುತ್ತದೆ, ನಡುವೆ ತೇವ ಸಿಕ್ಕಿಕೊಂಡರೆ ತುಕ್ಕೂ ಹಿಡಿಯುತ್ತದೆ.